ವಖಾರಿ ಮನೆತನ

ರೈಲುಡಬ್ಬಿಯಲ್ಲಿ ಎದುರಿನ ಬಾಕಿನ ಮೇಲೆ ಕೂತ ಮುದುಕಿ ಬಾರಿಹಣ್ಣಿನ ಬೀಜಗಳನ್ನು ಕಿಟಕಿಯ ಆಚೆ ಉಗುಳುತ್ತಿದ್ದಾಳೆ, ಒಂದೊಂದಕ್ಕೂ ತುಸು ಮುಂದೆ ಬಾಗಿ, ಗಾಳಿ ಅದನ್ನು ಹಿಂದಿನ ಡಬ್ಬಿಯವರ ಮೋರೆಗೆ ಒಯ್ದು ಬಡಿದೀತೆಂಬ ಯೋಚನೆಯೇ ಇಲ್ಲದೆ, ಹುಳಿಗೆ ಅವಳ ಎಡಗಣ್ಣು ಮುಚ್ಚುತ್ತದೆ, ತೆರೆಯುತ್ತದೆ, ತಗೋರಿ ಬಾಯಿ, ಬೋರಾಮಣಿ ಕಡೀ ಹಣ್ಣ ಅದಾವು ಎಂದು ಗಂಟಿನಿಂದ ನಾಲ್ಕು ತೆಗೆದು ಚಾಚಿದಳು, ಗುರುಲಿಂಗಮ್ಮ ಬೇಡವೆನ್ನಲಿಲ್ಲ, ಬೋರಾಮಣಿ ಎಂದ ಮೇಲೆ ಬೇಡವೆನ್ನುವುದು ಹೇಗೆ, ಅವಳು ಹುಟ್ಟಿದ ಊರು — ಆದರೆ ಹಣ್ಣು ನಾಲಿಗೆಗೆ ತಾಗಿದಾಗ ನೆನಪಾದದ್ದು ಬೋರಾಮಣಿಯಲ್ಲ, ಸೊಲ್ಲಾಪುರದ ಬಾಲಕಾಶ್ರಮದ ಹಿತ್ತಲಿನ ಬಾರಿಗಿಡ, ಅದರ ಕೆಳಗೆ ಕಲ್ಲು ಹಿಡಿದು ನಿಂತ ಹತ್ತು ಹನ್ನೆರಡು ಮಕ್ಕಳು, ಕಲ್ಲು ಬೀಸದೆ ಸೀದಾ ಗಿಡ ಹತ್ತಿದವಳು ಒಬ್ಬಳೇ, ಅಕ್ಕನಾಗಮ್ಮ, ಆಗ ಎಂಟು ವರ್ಷದವಳು, ಇಳಿದಾಗ ಅಂಗಾಲಿನಲ್ಲಿ ಮುಳ್ಳು, ಅಳು ತುಟಿಯವರೆಗೆ ಬಂದು ನಿಂತಿತ್ತು, ಗುರುಲಿಂಗಮ್ಮ ಸೂಜಿ ತಂದು ಅವಳ ಕೈಯಲ್ಲೇ ಕೊಟ್ಟಿದ್ದಳು, ನೀನೇ ತಗೀ, ನಾ ಕಾಲ ಹಿಡೀತೀನಿ — ಏನು ಕಲ್ಲುಮನಸ್ಸಿನ ಬಾಯಿಯೋ ಎಂದು ಅಡಿಗೆಯವಳು ಗೊಣಗಿದ್ದು ಕಿವಿಗೆ ಬಿದ್ದಿತ್ತು, ಮುಳ್ಳು ಹೊರಬಂದಾಗ ಹುಡುಗಿ ಅದನ್ನು ಅಂಗೈ ಮೇಲಿಟ್ಟು ನೋಡಿದ ರೀತಿ, ಏನೋ ಗೆದ್ದವಳ ಹಾಗೆ, ಆಗ ಗುರುಲಿಂಗಮ್ಮನ ಎದೆ ಉಬ್ಬಿದ್ದು ಯಾರಿಗೂ ಕಾಣಲಿಲ್ಲ, ಕಾಣಿಸಲೂಬಾರದು, ಅರವತ್ತು ಮಕ್ಕಳ ಅವ್ವ ಒಬ್ಬಳ ಮೇಲೆ ಹೆಮ್ಮೆ ತೋರಿಸಬಾರದು. ಈಗ ಅದೇ ಹುಡುಗಿಯನ್ನು ವಾಪಸು ಕರೆತರಲು ಹೊರಟಿದ್ದಾಳೆ, ಅವಳಿಗೀಗ ಇಪ್ಪತ್ತು, ಅಕ್ಕಲಕೋಟೆಯ ಹೆಣ್ಣುಮಕ್ಕಳ ಕನ್ನಡ ಸಾಲಿಯಲ್ಲಿ ಕಲಿಸುವ ಬಾಯಿಯಾಗಿ ಏಳು ತಿಂಗಳು, ಮತ್ತು ಗುರುಲಿಂಗಮ್ಮನ ತೊಡೆಯ ಮೇಲಿನ ಚೀಲದಲ್ಲಿ ಆ ಹುಡುಗಿಯ ಮೇಲೆ ಯಾರೋ ಬರೆದ, ಹೆಸರಿಲ್ಲದ ಒಂದು ಕಾಗದ.

ಕಾಗದವನ್ನು ಓದಿ ಹೇಳಿದವರು ಮಲಕಾಜಪ್ಪನವರು, ಆಶ್ರಮದ ಕಮಿಟಿಯ ಹಿರಿಯರು, ಹತ್ತಿ ವ್ಯಾಪಾರದವರು, ವಿಜಾಪುರ ರಸ್ತೆಯ ಮೇಲಿನ ತಮ್ಮ ಹಳೆಯ ಹತ್ತಿ ವಖಾರಿಯನ್ನೇ ಮಕ್ಕಳಿಗೆಂದು ಬಿಟ್ಟುಕೊಟ್ಟವರು, ಕೆಟ್ಟವರಲ್ಲ, ದೀಪಾವಳಿಗೆ ತಾವೇ ನಿಂತು ಪ್ರತಿ ಮಗುವಿನ ಅಂಗಿ ಅಳತೆ ಕೊಡಿಸುವವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವರು ಓದಿದರು, ತಮ್ಮಲ್ಲಿ ಬೆಳೆದು ನಮ್ಮೂರಿಗೆ ಶಿಕ್ಷಕಿಯಾಗಿ ಬಂದಿರುವ ಬಾಯಿಯ ಖೋಲಿಗೆ ಪ್ರತಿ ರವಿವಾರ ಗಂಡಸರು ಬಂದು ಹೋಗುತ್ತಾರೆ, ಊರಿನ ಮರ್ಯಾದೆಯ ಸಲುವಾಗಿ ತಿಳಿಸಿದ್ದೇನೆ, ಅಷ್ಟೇ, ಕೆಳಗೆ ಸಹಿ ಇಲ್ಲ. ಓದಿ ಮುಗಿದ ಮೇಲೆ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು — ಗುರುಲಿಂಗಮ್ಮನವರ, ಹುಡಿಗಿ ತನ್ನ ಕಾಲಮ್ಯಾಲ ನಿಂದರತಾಳ ಅಂದ್ರಿ, ನಿಂದರಲಿ ಅಂದೆ, ಖೋಲಿ ಬೇಕಂದ್ರಿ, ಕೊಟ್ಟೆ, ಪರವೂರಿಗಿ ನೌಕರೀಗಿ ಕಳಸೂಣು ಅಂದ್ರಿ, ಹೂಂ ಅಂದೆ, ಈಗ ನೀವೇ ನೋಡ್ರಿ, ಐತಾರ ಹೋಗಿ ಸುಮ್ಮ ಕರಕೊಂಡ ಬರ್ರಿ, ಒಂದ ವರ ಬಂದದ, ಎರಡನೇ ಸಂಬಂಧ ಖರೆ, ಆದ್ರ ಹೊಲಾ ಮನಿ ಅದ. ಇನ್ನ ಮ್ಯಾಲ ಆ ತೂಕದ ಖೋಲಿ ಸಾಕರಿ. ಸಾಕು ಎಂದರೆ ಸಾಕು, ಅಕ್ಕನಾಗಮ್ಮ ಒಬ್ಬಳದೇ ಮಾತಲ್ಲ, ಈ ಸೋಮವಾರ ಆಶ್ರಮದ ಲೀಲಾ, ಒಬ್ಬಳೇ ಇರುವುದನ್ನು ಕಲಿಯಲು, ಆ ಖೋಲಿಗೆ ಹೋಗಬೇಕು, ಹದಿನೇಳು ತುಂಬಿದೆ, ತನ್ನ ಚಾಪೆ ಸುತ್ತಿಟ್ಟುಕೊಂಡು ಕೂತಿದ್ದಾಳೆ, ಅವಳ ಹಿಂದೆ ಇನ್ನಿಬ್ಬರು. ಗುರುಲಿಂಗಮ್ಮ ಐತಾರ ಹೋಗತೀನ್ರಿ ಎಂದಳು, ಕಾಗದ ಇಸಿದುಕೊಂಡಳು, ಹೊರಗೆ ಬಂದ ಮೇಲೆ ಅವಳಿಗೆ ತಿಳಿಯಿತು, ಹುಡುಗಿಯ ಮೇಲೆ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಆದರೆ ಹೆದರಿಕೆ ಬಂತು, ಒಬ್ಬಂಟಿ ಹೆಣ್ಣು, ಪರವೂರು, ಯಾರಾದರೂ ಅವಳನ್ನು ಪೀಡಿಸುತ್ತಿದ್ದರೆ, ಹೇಳಿಕೊಳ್ಳಲಾರದೆ ಕ್ಷೇಮ ಕ್ಷೇಮ ಎಂದು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರೆ.

ಹೋಟಗಿ ಬಂತು, ವಿಜಾಪುರದ ಗಾಡಿ ಹಿಡಿಯುವವರೆಲ್ಲ ಇಳಿದರು, ಮುದುಕಿಯೂ ಇಳಿದಳು, ಬಾಕಿನ ಮೇಲೆ ಬಾರಿಹಣ್ಣಿನ ಒಂದು ತೊಟ್ಟು ಉಳಿಯಿತು, ಕಿಟಕಿಯಾಚೆ ಪ್ಲಾಟ್‌ಫಾರ್ಮಿನ ಕಲ್ಲುಬಾಕು, ಸ್ಟೇಶನ್ನಿನ ಬಾಕು ಕಂಡರೆ ಗುರುಲಿಂಗಮ್ಮನಿಗೆ ಸುಮಿತ್ರಾ ಕಾಣುತ್ತಾಳೆ, ಐದು ವರ್ಷವಾದರೂ. ಸುಮಿತ್ರಾ ವಖಾರಿಯ ಮೊದಲ ಮಕ್ಕಳಲ್ಲಿ ಒಬ್ಬಳು, ಹದಿನೆಂಟನೆಯ ಇಸವಿಯ ಇನ್‌ಫ್ಲುಯೆಂಜಾ ಬ್ಯಾನೆಯ ವರ್ಷದವಳು — ಆ ವರ್ಷ ಯಾರನ್ನು ಬಿಟ್ಟಿತು, ವಾಗದರಿಯ ಗಂಡನ ಮನೆಯಲ್ಲಿ ಎಂಟು ದಿನದಲ್ಲಿ ಗಂಡ, ಅತ್ತೆ, ಬೋರಾಮಣಿಯಲ್ಲಿ ಅಪ್ಪ, ಅವ್ವ, ಇಪ್ಪತ್ತಾರು ವರ್ಷದ ಗುರುಲಿಂಗಮ್ಮ ಹೊಲದ ಪಾಲು ಮೈದುನನಿಗೆ ಬಿಟ್ಟು ಸೊಲ್ಲಾಪುರಕ್ಕೆ ಗಂಜಿ ಬೇಯಿಸಲೆಂದು ಬಂದಳು, ಎರಡು ತಿಂಗಳಿಗೆಂದು ಬಂದವಳು, ವಖಾರಿಯಲ್ಲಿ ಹತ್ತಿಯ ಅಂಡಿಗೆಗಳ ಸಂದಿನಲ್ಲಿ ಮಕ್ಕಳು ಮಲಗಿದ್ದವು, ಒಂದಕ್ಕೆ ಎರಡು ವರ್ಷವೂ ಇರಲಿಲ್ಲ, ಯಾರೋ ಬಂಡಿಯವನು ಹತ್ತಿಯ ಜೊತೆ ತಂದು ಇಳಿಸಿದ್ದು, ತಲೆತುಂಬ ಹತ್ತಿ, ಅದೇ ಅಕ್ಕನಾಗಮ್ಮ, ಮತ್ತೆ ಗುರುಲಿಂಗಮ್ಮ ಹಿಂದಿರುಗಿ ಹೋಗಲೇ ಇಲ್ಲ. ಮಕ್ಕಳಿಗೆ ಹೊಟ್ಟೆತುಂಬ ಉಣಿಸಿದಳು, ಸಾಲಿಗೆ ಹಾಕಿದಳು, ಸಾಲು ಹಿಡಿಸಿ ಗುಡಿಗೆ ಒಯ್ದಳು, ಸಾಲು ಹಿಡಿಸಿ ತಂದಳು, ಒಂದೂ ಕಳೆದುಹೋಗಲಿಲ್ಲ ಎಂದು ಬೀಗಿದಳು. ಸುಮಿತ್ರಾಳಿಗೆ ಹದಿನಾರು ತುಂಬಿದಾಗ ಕಮಿಟಿಯವರು ಬಂದ ವರನಿಗೆ ಕೊಟ್ಟರು, ವರ್ಷ ತುಂಬುವುದರೊಳಗೆ ಅವನು ಅವಳನ್ನು ಸೊಲ್ಲಾಪುರ ಸ್ಟೇಶನ್ನಿನ ಬಾಕಿನ ಮೇಲೆ ಕೂಡಿಸಿ ನೀರು ತರುತ್ತೇನೆಂದು ಹೋದವನು ಬರಲಿಲ್ಲ, ಅವಳು ಅಲ್ಲೇ ಕೂತಳು, ಒಂದು ದಿನವಲ್ಲ, ಎರಡು ದಿನ, ಪೊಲೀಸನೊಬ್ಬ ಕೇಳಿ ಕೇಳಿ ಕಡೆಗೆ ವಖಾರಿಗೆ ತಂದು ಬಿಟ್ಟ. ಅಲ್ಲವೇ ಹುಚ್ಚಿ, ಅರ್ಧ ತಾಸಿನ ಹಾದಿ, ನಡಕೋತ ಬರಬಾರದಿತ್ತಾ ಎಂದು ಗುರುಲಿಂಗಮ್ಮ ಅವಳನ್ನು ಅಪ್ಪಿಕೊಂಡೇ ಬೈದಳು, ಆಗ ಸುಮಿತ್ರಾ ಹೇಳಿದ ಮಾತು, ತಪ್ಪು ಹೊರಿಸುವ ದನಿಯೇ ಇರಲಿಲ್ಲ ಅದರಲ್ಲಿ, ಮುಂದಿನಾಕಿ ಬೆನ್ನ ಗೊತ್ತಿತ್ತರಿ ಅವ್ವಾರ, ಹಾದಿ ಗೊತ್ತಿರಲಿಲ್ಲ.

ಆ ಒಂದು ಮಾತಿನಿಂದ ತೂಕದ ಖೋಲಿ ಹುಟ್ಟಿತು. ಹಿಂದೆ ಹತ್ತಿ ತೂಗುತ್ತಿದ್ದ ಕೋಣೆ, ಹಿತ್ತಲ ಬಾಗಿಲ ಪಕ್ಕ, ತೊಲೆಯಲ್ಲಿ ತಕ್ಕಡಿಯ ಕೊಂಡಿ ಇನ್ನೂ ತೂಗುತ್ತಿತ್ತು, ಅದನ್ನು ಸುಣ್ಣ ಹಚ್ಚಿಸಿ ಒಂದು ಒಲೆ, ಒಂದು ಕೊಡ, ಒಳಗಿಂದ ಹಾಕುವ ಅಗುಳಿ, ಹದಿನೇಳು ತುಂಬಿದವರು ಒಂದು ವರ್ಷ ಅಲ್ಲಿರಬೇಕು, ತಮ್ಮ ನೀರು ತಾವೇ ತರಬೇಕು, ತಮ್ಮ ರೊಟ್ಟಿ ತಾವೇ ಬಡಿಯಬೇಕು, ಪೇಟೆಗೆ ಒಬ್ಬರೇ ಹೋಗಿ ಬರಬೇಕು, ಬಾಗಿಲು ಬಡಿಯದೆ ಯಾರೂ ಒಳಗೆ ಹೋಗಕೂಡದು, ಗುರುಲಿಂಗಮ್ಮನೂ ಕೂಡ. ಮೊದಲು ಹೋದವಳು ಅಕ್ಕನಾಗಮ್ಮ. ಎಂಟು ದಿನ ಆ ಖೋಲಿಯಿಂದ ಹೊಗೆಯೇ ಹೊಗೆ, ರೊಟ್ಟಿ ಸುಟ್ಟ ವಾಸನೆ, ಗುರುಲಿಂಗಮ್ಮ ಅಂಗಳದಲ್ಲಿ ಕೈಗೆ ಕೈ ಹಿಡಿದು ನಿಲ್ಲುತ್ತಿದ್ದಳು, ಕೈ ಬಿಟ್ಟರೆ ಎಲ್ಲಿ ಕಾಲು ಒಳಗೆ ನಡೆದೀತೋ ಎಂದು, ಒಂಬತ್ತನೆಯ ದಿನ ಹುಡುಗಿ ಬಾಗಿಲು ತೆರೆದು, ಅವ್ವಾರ, ಹಸೀ ಕಟ್ಟಿಗಿ ಮಾರಿದಾನ, ನಾಳಿಗಿ ಬ್ಯಾರೇ ಕಡೆ ನೋಡತೀನಿ ಎಂದಳು, ಯಾರೂ ಹೇಳಿಕೊಡದೆ, ತಾನೇ ಕಂಡುಕೊಂಡು. ಮೈ ಕೆಂಡವಾಗಿ ಜ್ವರ ಬಂದ ಬೆಳಗ್ಗೆಯೂ ಹಾಗೆಯೇ, ಗೋಡೆ ಹಿಡಿದು ಬಂದಳು, ನಾ ಒಬ್ಬಾಕೀ ಡಾಕ್ಟರ ಕಡೆ ಹೋಗಲಾರೆ, ನೀವು ಜೋಡೀಲೆ ಬರ್ತೀರೇನ್ರಿ, ಆ ದಿನ ಗುರುಲಿಂಗಮ್ಮ ಇನ್ನೂ ಹೆಚ್ಚು ಹಿಗ್ಗಿದಳು, ಒಬ್ಬಳೇ ಮಾಡುವುದನ್ನು ಕಲಿತವರು ಬಹಳ ಮಂದಿ, ಬೇಕಾದಾಗ ಕೇಳುವುದನ್ನು ಕಲಿತವರು ಕಡಿಮೆ. ಆದರೆ ಎಲ್ಲಕ್ಕಿಂತ ಬಿರುಸಿನ ಪಾಠ ಒಂದಿತ್ತು, ಸಂಜೆ ಹೊತ್ತು ಗುರುಲಿಂಗಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, ತಲೆ ತುಂಬ ಸೆರಗು ಹೊದ್ದು ಮನೆಯೊಡತಿಯಾಗುತ್ತಿದ್ದಳು, ಖೋಲಿ ಕೇಳಿಕೊಂಡು ಬಂದವಳು ಅಕ್ಕನಾಗಮ್ಮ, ಕಾಯ್ ಬಾಯಿ, ತುಮಚಂ ಮಾಹೇರ ಕುಠಲಂ ಎಂದು ಮರಾಠಿಯಲ್ಲಿ ಒಮ್ಮೆ, ನಿಮ್ಮ ತವರುಮನಿ ಯಾವೂರವಾ, ಯಾವ ಮನಿತನ ಎಂದು ಕನ್ನಡದಲ್ಲಿ ಒಮ್ಮೆ, ಯಾರು ಕೇಳಿದರೂ ಇದನ್ನೇ ಕೇಳುತ್ತಾರೆ, ಬೇರೆ ಏನು ಕೇಳುತ್ತಾರೆ. ಮೊದಲ ದಿನ ಹುಡುಗಿ ಅತ್ತಳು. ಎರಡನೆಯ ದಿನ ವಾಗದರಿ ಗೌಡರ ಮನಿ ಎಂದು ಸುಳ್ಳು ಹೇಳಿದಳು, ಬ್ಯಾಡವಾ, ಸುಳ್ಳಿಗಿ ದಿನಾ ನೀರ ಹಾಕಬೇಕಾಗ್ತದ ಎಂದು ಗುರುಲಿಂಗಮ್ಮ ತಲೆ ಅಲ್ಲಾಡಿಸಿದಳು. ಎಷ್ಟನೆಯದೋ ದಿನ ಹುಡುಗಿ ಸೆರಗು ಸರಿಪಡಿಸಿಕೊಂಡು, ತಲೆ ಎತ್ತಿ, ವಖಾರಿ ಮನಿತನರಿ, ಸೊಲ್ಲಾಪುರದವರು, ಅರವತ್ತ ಮಂದಿ ಅಣ್ಣತಮ್ಮರು ಅಕ್ಕತಂಗೇರು ಇದ್ದೀವಿ, ಖೋಲಿ ತೋರಸ್ರಿ ಎಂದಳು, ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಸಣ್ಣವರೆಲ್ಲ ಗೊಳ್ಳೆಂದು ನಕ್ಕರು, ಗುರುಲಿಂಗಮ್ಮ ನಗಲಿಲ್ಲ, ಬುಟ್ಟಿಯಿಂದ ಎದ್ದು ಸೀದಾ ಒಳಗೆ ಹೋಗಿ ಮುಖ ತೊಳೆದುಕೊಂಡಳು. ಆಮೇಲೆ ಶಿಕ್ಷಕಿಯಾಗಲು ಬೇಕಾದ ಮುಲ್ಕಿ ಪರೀಕ್ಷೆ, ಪಾಸು, ಅರ್ಜಿ ತಾನೇ ಬರೆದಳು, ಅಕ್ಕಲಕೋಟೆಯಿಂದ ಹುಕುಂ ಬಂತು, ಹೋಗುವ ದಿನ ಗಾಡಿಯ ಹೊತ್ತನ್ನು ಸ್ಟೇಶನ್ನಿನ ಹಲಗೆ ಓದಿ ತಾನೇ ಹೇಳಿದಳು, ಅಳಲಿಲ್ಲ, ಇಬ್ಬರೂ ಅಳಲಿಲ್ಲ.

ತಿಲಾಟಿ ಹಿಂದೆ ಸರಿಯಿತು, ಎರಡೂ ಕಡೆ ಎರೆಹೊಲ, ತೆನೆಗಟ್ಟಿದ ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ, ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು ಟಾಂಗಾ ಎಲ್ಲಿ ಎಂದು ನೋಡುತ್ತಿರುವಾಗ ಖಾಕಿ ಅಂಗಿಯವನೊಬ್ಬ ಓಡಿ ಬಂದು ಕಾಲಿಗೆ ಬಿದ್ದ, ಎದ್ದಾಗ ನೋಡುತ್ತಾಳೆ, ಬಂಡೆಪ್ಪ, ವಖಾರಿಯ ಬಂಡೆಪ್ಪ, ಹುಬ್ಬಿನ ಮೇಲಿನ ಗಾಯದ ಗುರುತು ಹಾಗೆಯೇ, ಬಗಲಲ್ಲಿ ಸುತ್ತಿದ ಕೆಂಪು ಹಸಿರು ಬಾವುಟ, ಹೌದು, ರೈಲ್ವೆ ಸೇರಿದನೆಂದು ಯಾರೋ ಹೇಳಿದ್ದರು, ಯಾವ ಊರೆಂದು ಇವಳು ಕೇಳಿಟ್ಟುಕೊಂಡಿರಲಿಲ್ಲ, ಇಪ್ಪತ್ತೇಳನೆಯ ಇಸವಿಯಲ್ಲಿ, ಖೋಲಿಗೀಲಿ ಏನೂ ಇಲ್ಲದ ಕಾಲದಲ್ಲಿ, ಹದಿನಾರು ತುಂಬಿದವನಿಗೆ ಎರಡು ಅಂಗಿ, ಒಂದು ತಂಬಿಗೆ ಕೊಟ್ಟು ಚಲೋ ಇರಪಾ ಎಂದು ಕಳಿಸಿದ್ದರು. ಅವ್ವಾರ, ನೀವೂ ಬಂದ್ರ್ಯಾ, ಅಕ್ಕ ಹೇಳಲೇ ಇಲ್ಲ ನೋಡ್ರಿ ಎಂದು ಅವನು ಅವಳ ಚೀಲ ಇಸಿದುಕೊಂಡ, ಜರಾ ನಿಂದರ್ರಿ, ಬಾವುಟ ಇಟ್ಟ ಬರ್ತೀನಿ, ಐತಾರ ನಂದು ಇಷ್ಟೇ ಡ್ಯೂಟಿ, ನಾನೂ ಅಲ್ಲಿಗೇ ಹೊಂಟೀನಿ. ಎಲ್ಲಿಗೆ ಎಂದು ಗುರುಲಿಂಗಮ್ಮ ಕೇಳಿದಳು, ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು. ಅಕ್ಕನ ಮನೀಗಿರಿ ಎಂದ ಬಂಡೆಪ್ಪ, ಇನ್ನೆಲ್ಲಿಗೆ ಎಂಬ ಹಾಗೆ. ಅವನಿಗಿಂತ ಐದು ವರ್ಷ ಚಿಕ್ಕವಳು ಅಕ್ಕನಾಗಮ್ಮ, ಹೆಸರಿನೊಳಗಿನ ಅಕ್ಕನನ್ನು ಇವನು ನಿಜ ಮಾಡಿಕೊಂಡಿದ್ದಾನೆ.

ಟಾಂಗಾ ಒಂದು ತಾಸು, ಕುದುರೆಯ ಗೆಜ್ಜೆ, ರಸ್ತೆಯ ಧೂಳು, ಬಂಡೆಪ್ಪನ ಮಡಿಲಲ್ಲಿ ಹಸಿ ಕಡಲೆಯ ಕಟ್ಟು, ಅದನ್ನು ಅಕ್ಕನಿಗೆಂದು ಒಯ್ಯುತ್ತಿದ್ದಾನೆ, ಮಾತಾಡುತ್ತಲೇ ಇದ್ದಾನೆ, ಸಾಯಬಣ್ಣನೂ ಬರತಾನರಿ, ಗಾಣದಾಗ ಅದಾನಲ್ಲ, ನಮ್ಮ ವಖಾರಿ ಸಾಯಬಣ್ಣ, ಅಂವಾ ಎಣ್ಣಿ ತರತಾನ, ನಾ ಕಾಯಿಪಲ್ಲೆ ತರತೀನಿ, ಅಕ್ಕ ರೊಟ್ಟಿ ಬಡೀತಾಳ, ಹೊತ್ತ ಇಳಿಯೂದರಾಗ ಉಂಡ ಹೊಳ್ಳಿ ಬರತೀವಿ. ಎಂದಿನಿಂದ ಎಂದು ಕೇಳಿದಳು ಗುರುಲಿಂಗಮ್ಮ. ಶ್ರಾವಣದಿಂದರಿ, ಆಕಿ ಕಾರ್ಡ ಬರದಳು, ಐತಾರ ಉಣ್ಣಾಕ ಬಾ ಅಂತ, ನನ್ನ ಹೆಸರೀಲೆ ಬಂದ ಮೊದಲನೇ ಕಾರ್ಡರೀ ಅದು. ಆಮೇಲೆ ಅವನು ಕಡಲೆಯ ಒಂದು ಕಾಯಿ ಬಿಡಿಸಿದ, ತಿನ್ನಲಿಲ್ಲ — ಎಂಟ ವರ್ಷ ಅವ್ವಾರ, ಐತಾರ ಬಂತಂದ್ರ ಪ್ಲಾಟ್‌ಫಾರ್ಮದಾಗ ಕುಂತ ಮಂದೀನ್ನ ನೋಡತಿದ್ದೆ, ಗಾಡಿ ಹತ್ತವರು ಇಳಿಯವರು ಎಲ್ಲಾರೂ ಯಾರದರೇ ಮನೀಗಿ ಹೊಂಟಿರತಾರ, ನಾ ಬಾವುಟ ತೋರಸತಿದ್ದೆ, ಅಷ್ಟ. ಅವನ ದನಿಯಲ್ಲಿ ದೂರು ಇರಲಿಲ್ಲ, ಸುಮಿತ್ರಾಳ ದನಿಯಲ್ಲೂ ಇರಲಿಲ್ಲ, ಈ ಮಕ್ಕಳಿಗೆ ದೂರುವುದು ಯಾಕೆ ಬರುವುದಿಲ್ಲ, ದೂರಿದ್ದರೆ ಗುರುಲಿಂಗಮ್ಮ ಏನಾದರೂ ಉತ್ತರ ಹುಡುಕುತ್ತಿದ್ದಳು, ಅರವತ್ತು ಮಕ್ಕಳು ಎಂದು ಎಲ್ಲರೆದುರು ಹೇಳಿಕೊಳ್ಳುತ್ತಾಳೆ, ಹೋದವರನ್ನು ಲೆಕ್ಕದಿಂದ ಬಿಟ್ಟು, ಬಾಗಿಲು ದಾಟಿದವರು ಗೆದ್ದರೆಂದು ತಿಳಿದು, ಇವನು ಎಂಟು ವರ್ಷ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದ, ಸುಮಿತ್ರಾ ಕೂತದ್ದು ಎರಡು ದಿನ. ಇವನೇ ಕಾಗದದ ಗಂಡಸರು, ಇವನು ಮತ್ತು ಗಾಣದ ಸಾಯಬಣ್ಣ, ನಗು ಬರಬೇಕಿತ್ತು, ಬರಲಿಲ್ಲ.

ಅಕ್ಕಲಕೋಟೆಯ ಓಣಿ, ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದ ಹಣೆತುಂಬ ಕುಂಕುಮದ ಹಿರಿಯಳು ಮನೆಯೊಡತಿ ಕಲ್ಯಾಣಮ್ಮ, ಬಾ ಬಂಡೆಪ್ಪಾ, ಇವತ್ತ ಗಾಡಿ ಸಾವಕಾಶ ಬಂತೇನ ಎಂದು ಅವನನ್ನು ಮಾತಾಡಿಸಿದ ರೀತಿಯೇ ಆ ಕಾಗದಕ್ಕೆ ಉತ್ತರವಾಗಿ ಸಾಕಾಗಿತ್ತು, ಖೋಲಿಯ ಬಾಗಿಲು ಹಾರು ಹೊಡೆದಿತ್ತು, ಬಾಗಿಲಿಗೆ ಬೆನ್ನು ಮಾಡಿ ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು, ಪಟಪಟ ಪಟಪಟ, ಒಂದೇ ಸಮನೆ, ಅವ್ವಾರ ಬಂದಾರ ಅಕ್ಕಾ ಎಂದು ಬಂಡೆಪ್ಪ ಕೂಗಿದಾಗ ತಿರುಗಿ ನೋಡಿದಳು, ಮುಖ ಬೆಳಗಿತು, ಆದರೆ ಕೂಡಲೇ ಏಳಲಿಲ್ಲ, ಹಂಚಿನ ಮೇಲಿನ ರೊಟ್ಟಿ ತಿರುವಿದಳು, ಬೆಂದದ್ದನ್ನು ಬುಟ್ಟಿಗೆ ಹಾಕಿದಳು, ಆಮೇಲೆ ಎದ್ದಳು, ಗುರುಲಿಂಗಮ್ಮ ಹೊಸ್ತಿಲಲ್ಲೇ ನಿಂತು ಅದನ್ನು ನೋಡಿದಳು, ರೊಟ್ಟಿ ಸುಡಲಿಲ್ಲ, ನನ್ನನ್ನು ಕಂಡೂ ರೊಟ್ಟಿ ಸುಡಗೊಡಲಿಲ್ಲ, ಎಂಥ ಹುಡುಗಿ. ಒಳಗೆ ಬರ್ರಿ ಎಂದ ಮೇಲೆಯೇ ಒಳಗೆ ಕಾಲಿಟ್ಟಳು. ಸಣ್ಣ ಖೋಲಿ, ಗೂಟಕ್ಕೆ ಎರಡು ಸೀರೆ, ಗೋಡೆಗೆ ಒರಗಿಸಿದ ಪಾಟಿಗಳು, ಗೂಡಿನಲ್ಲಿ ಕೆಂಪು ಪೆನ್ಸಿಲು, ಒಬ್ಬಳಿಗೆ ಐದು ಗಂಗಾಳ. ಸಾಯಬಣ್ಣ ಎಣ್ಣೆಯ ಜಿಡ್ಡಿನ ಕೈ ಬೂದಿಯಲ್ಲಿ ತಿಕ್ಕಿ ತೊಳೆದು ಬಂದು ಕೂತ, ಕಲ್ಯಾಣಮ್ಮ ತಮ್ಮ ಮನೆಯಿಂದ ಮೊಸರು ತಂದು ನಡುವೆಯೇ ಕೂತರು, ಬದನೆಕಾಯಿ ಪಲ್ಲೆ, ಬಿಸಿ ರೊಟ್ಟಿ, ಹಿಂಡಿ, ಗುರುಲಿಂಗಮ್ಮನಿಗೆ ಮೊದಲು ಬಡಿಸಿದರು, ಹದಿನೆಂಟು ವರ್ಷ ಎಲ್ಲರಿಗಿಂತ ಕಡೆಗೆ ಉಂಡವಳು ಎಲ್ಲರಿಗಿಂತ ಮೊದಲು ಉಂಡಳು.

ಉಂಡ ಗಂಗಾಳಗಳನ್ನು ಗಂಡಸರಿಬ್ಬರೂ ತಾವೇ ಎತ್ತಿಕೊಂಡು ಬಾವಿಕಟ್ಟೆಗೆ ಹೋದರು, ಕಲ್ಯಾಣಮ್ಮ ಎಲೆಅಡಿಕೆ ತರಲು ಎದ್ದರು, ಆಗ ಅಕ್ಕನಾಗಮ್ಮ ಎದುರು ಬಂದು ಕೂತಳು, ಗುರುಲಿಂಗಮ್ಮನ ಚೀಲದತ್ತ ಒಮ್ಮೆ ನೋಡಿದಳು, ಅವ್ವಾ, ಕರಕೊಂಡ ಹೋಗಾಕ ಬಂದೀಯೇನ, ನೋಡಾಕ ಬಂದೀಯೇನ. ಬಂದೀಯೇನ ಎಂದಳು. ವಖಾರಿಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಅರವತ್ತು ಬಾಯಿಯಲ್ಲೂ ಅವ್ವಾರ, ನೀವು, ರೀ, ಅದನ್ನು ಕಲಿಸಿದವಳು ಗುರುಲಿಂಗಮ್ಮನೇ, ನೀ ಎನ್ನುವುದು ಹೆತ್ತವಳಿಗೆ, ಈ ಹುಡುಗಿ ಈಗ, ಇಪ್ಪತ್ತು ವರ್ಷಕ್ಕೆ, ತನ್ನ ಮನೆಯಲ್ಲಿ ತಾನು ಕೂತು, ನೀ ಎನ್ನುತ್ತಿದ್ದಾಳೆ, ಗುರುಲಿಂಗಮ್ಮ ಉತ್ತರ ಕೊಡುವುದು ಬಿಟ್ಟು ಆ ಒಂದು ಅಕ್ಷರವನ್ನೇ ಕೇಳಿಸಿಕೊಳ್ಳುತ್ತ ಕೂತಳು. ಕಾರ್ಡಿನ್ಯಾಗ ಯಾಕ ಬರೀಲಿಲ್ಲವಾ, ಇವರು ಬರ್ತಾರಂತ, ಎಂದು ಕಡೆಗೆ ಕೇಳಿದಳು ಗುರುಲಿಂಗಮ್ಮ. ಬರೆದಿದ್ರ ನೀ ಇದಕ್ಕೂ ಒಂದ ಕಮಿಟಿ ಮಾಡತಿದ್ದಿ ಎಂದು ಹುಡುಗಿ ನಕ್ಕಳು, ಆಮೇಲೆ ನಗು ತಗ್ಗಿಸಿ, ಅವ್ವಾ, ನೀ ಎಲ್ಲಾ ಕಲಿಸಿದಿ, ನೀರು, ಒಲಿ, ಪ್ಯಾಟಿ, ಡಾಕ್ಟರ, ಯಾರರೇ ಕೇಳಿದ್ರ ಏನ ಹೇಳಬೇಕು, ಆರ ದಿನಕ್ಕ ಎಲ್ಲಾ ಬಂತು, ಐತಾರ ಏನ ಮಾಡಬೇಕಂತ ಒಂದ ಕಲಸಲಿಲ್ಲ, ಮೊದಲನೇ ಐತಾರ ಎರಡ ರೊಟ್ಟಿ ಮಾಡಕೊಂಡ ಕುಂತೆ, ನಾ ಅಗಿಯೂ ಸಪ್ಪಳಾನೇ ನನಗ ಕೇಳಾಕತ್ತಿತ್ತು, ಓಣಿಯಾಗ ಎಲ್ಲಾರ ಮನೀಗಿ ಯಾರೋ ಬರಾಕತ್ತಿದ್ರು, ಅವತ್ತೇ ತಿಳೀತು, ನನಗಷ್ಟೇ ಅಲ್ಲ, ವಖಾರಿ ಬಿಟ್ಟ ಎಲ್ಲಾರಿಗೂ ಐತಾರ ಹಿಂಗ ಅದ ಅಂತ.

ಗುರುಲಿಂಗಮ್ಮ ಚೀಲದಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟಳು, ಮುಚ್ಚಿಡುವುದಕ್ಕೆ ಏನು ಉಳಿದಿತ್ತು, ಹುಡುಗಿ ಓದಿದಳು, ಕೆನ್ನೆ ಒಂದಿಷ್ಟು ಬಿಗಿಯಿತು, ಆಮೇಲೆ ಹುಬ್ಬು ಗಂಟಿಕ್ಕಿತು, ಕೈ ಮೇಲೆ ಚಾಚಿ ಗೂಡಿನ ಕೆಂಪು ಪೆನ್ಸಿಲು ತೆಗೆದುಕೊಂಡಳು, ಮತ್ತು ಗುರುಲಿಂಗಮ್ಮ ನೋಡುತ್ತಿದ್ದಂತೆ ಕಾಗದವನ್ನು ತಿದ್ದತೊಡಗಿದಳು, ಶಿಕ್ಷಕಿ ಎನ್ನುವಲ್ಲಿ ಒಂದು ಗೆರೆ, ಮರ್ಯಾದೆ ಎನ್ನುವಲ್ಲಿ ಒಂದು, ಒತ್ತಕ್ಷರ ಬಿಟ್ಟಲ್ಲಿ ಸುತ್ತು, ನಿಧಾನವಾಗಿ, ಸಾಲಿಯ ಪುಸ್ತಕ ತಿದ್ದಿದ ಹಾಗೆ, ಏನ ಮಾಡಾಕತ್ತೀಯವಾ ಎಂದರೆ, ಇವರನ್ನ ಗುರುತ ಹಿಡದೆ ಅವ್ವಾ, ಇವರ ಮಗಳೂ ಒತ್ತಕ್ಷರ ಹಿಂಗೇ ಬಿಡತಾಳ, ನನ್ನ ಮೂರನೇ ಇಯತ್ತೆದಾಗ ಅದಾಳ, ಶಾಣ್ಯಾ ಹುಡಿಗಿ, ಮಗಳಿಗಿ ಸರಿ ಕಲಿಸಿದ್ರ ಅಪ್ಪಗೂ ಒಂದ ದಿನ ಬರ್ತದ. ಹೆಸರು ಹೇಳಲಿಲ್ಲ, ಗುರುಲಿಂಗಮ್ಮನೂ ಕೇಳಲಿಲ್ಲ. ಎಲೆಅಡಿಕೆಯ ತಟ್ಟೆ ಹಿಡಿದು ಬಂದ ಕಲ್ಯಾಣಮ್ಮ ವಿಷಯ ತಿಳಿದು, ಕಮಿಟಿ ಅಂತ ಕಮಿಟಿ, ನನ್ನ ಕಣ್ಣ ಮುಂದ ಉಣ್ತಾರ, ನನ್ನ ಕಣ್ಣ ಮುಂದ ಹೋಗ್ತಾರ, ಖೋಲಿ ಕೇಳಾಕ ಬಂದಾಗ ಯಾವ ಮನಿತನ ಅಂದೆ, ವಖಾರಿ ಮನಿತನ, ಅರವತ್ತ ಮಂದಿ ಅಂದಿದ್ಲು, ಇಬ್ಬರ ಬಂದಿದ್ದಕ್ಕ ಇಷ್ಟ ಗದ್ದಲೇನು, ಉಳಿದವರು ಯಾವಾಗ ಬರ್ತಾರ ಎಂದು ಕೇಳಿದರು. ಅಕ್ಕನಾಗಮ್ಮ ಅಷ್ಟರಲ್ಲಿ ಒಂದು ಹಾಳೆ ತೆಗೆದು ಬರೆಯುತ್ತಿದ್ದಳು, ದುಂಡಗಿನ ಅಕ್ಷರ, ಶ್ರೀ ಮಲಕಾಜಪ್ಪನವರಿಗೆ ಶಿರಸಾಷ್ಟಾಂಗ ನಮಸ್ಕಾರ, ನನ್ನ ಮನೆಗೆ ಪ್ರತಿ ರವಿವಾರ ನಮ್ಮ ಮನೆಯವರು ಉಣ್ಣಲು ಬರುತ್ತಾರೆ, ತಾವೂ ನಮ್ಮ ಮನೆಯ ಹಿರಿಯರು, ಬರುವ ರವಿವಾರ ತಾವು ಊಟಕ್ಕೆ ಬರಬೇಕು, ಕೆಳಗೆ ಸಹಿ, ಪೂರ್ತಿ ಹೆಸರು, ಅಕ್ಕನಾಗಮ್ಮ, ವಖಾರಿ, ಸೊಲ್ಲಾಪುರ. ಸಹಿ ಇಲ್ಲದ ಕಾಗದಕ್ಕೆ ಸಹಿ ಇದ್ದ ಉತ್ತರ, ಇದನ್ನು ಗುರುಲಿಂಗಮ್ಮ ಕಲಿಸಿರಲಿಲ್ಲ, ಬುಟ್ಟಿಯ ಮೇಲೆ ಕೂತು ಎಷ್ಟು ಸಂಜೆ ಪಾಠ ಮಾಡಿದ್ದರೂ ಇದು ಅವಳಿಗೆ ಹೊಳೆಯುತ್ತಿರಲಿಲ್ಲ, ಹಾಳೆಯನ್ನು ಮಡಚಿ ಇಟ್ಟುಕೊಳ್ಳುವಾಗ ಮಲಕಾಜಪ್ಪನವರ ಮುಖ ಕಣ್ಣಮುಂದೆ ಬಂತು, ಬರುತ್ತಾರೆ, ಅವರು ಬಂದೇ ಬರುತ್ತಾರೆ, ಹೋಳಿಗೆಯ ಆಸೆಯ ಮನುಷ್ಯ, ಮತ್ತು ನಾಳೆ ಲೀಲಾ ತನ್ನ ಚಾಪೆ ತೂಕದ ಖೋಲಿಯಲ್ಲಿ ಬಿಚ್ಚುತ್ತಾಳೆ, ಹೋದವರೆಲ್ಲರ ಊರು ಹುಡುಕಿ ಬರೆದಿಡಬೇಕು, ಯಾವ ಐತಾರ ಯಾರು ಎಲ್ಲಿ ಉಣ್ಣುತ್ತಾರೆ ಎಂದು ಕೇಳಬೇಕು. ನೋಡಾಕ ಬಂದೀನವಾ, ಎಂದಳು ಗುರುಲಿಂಗಮ್ಮ, ಅಷ್ಟು ಹೊತ್ತಿನ ಮೇಲೆ, ನೋಡಾಕ ಅಷ್ಟ ಬಂದೀನಿ.

ಸಂಜೆಯ ಗಾಡಿಗೆ ಹೊತ್ತಾಯಿತೆಂದು ಬಂಡೆಪ್ಪ ಟಾಂಗಾ ತಂದು ಓಣಿಯ ಬಾಯಲ್ಲಿ ನಿಲ್ಲಿಸಿದ, ಬಿಸಿಲು ಕೆಂಪಾಗಿತ್ತು, ಗುರುಲಿಂಗಮ್ಮ ಚೀಲ ಹೆಗಲಿಗೆ ಹಾಕಿ ಹೊಸ್ತಿಲು ದಾಟಬೇಕು ಎನ್ನುವಾಗ, ನಿಂದರವ್ವಾ ಎಂದಳು ಅಕ್ಕನಾಗಮ್ಮ, ಒಳಗಿಂದ ಬಂದವಳ ಕೈಯಲ್ಲಿ ಮೊರ, ಮೊರದಲ್ಲಿ ಬಿಳಿಜೋಳ, ಒಂದು ಕೊಬ್ಬರಿ ಬಟ್ಟಲು, ಎರಡು ಅಡಿಕೆ, ಎರಡು ಎಲೆ, ಬೆಲ್ಲದ ಒಂದು ಹೆಂಟೆ. ಕಲ್ಯಾಣಮ್ಮ ಎದ್ದು ನಿಂತರು, ದನಿ ಇಳಿಸಿ, ಉಡಿ ತುಂಬತೀಯೇನವಾ, ಅವರಿಗಿ ತುಂಬೂದಿಲ್ಲಲ್ಲ ಎಂದರು, ಸಿಟ್ಟಿನಿಂದಲ್ಲ, ಗೊತ್ತಿಲ್ಲದವಳಿಗೆ ತಿಳಿಸಿ ಹೇಳುವ ಹಾಗೆ, ಗಂಡ ಇಲ್ಲದವರಿಗೆ ಯಾರು ಉಡಿ ತುಂಬುತ್ತಾರೆ, ಗುರುಲಿಂಗಮ್ಮನಿಗೂ ಗೊತ್ತು, ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು, ಬ್ಯಾಡವಾ. ಅಕ್ಕನಾಗಮ್ಮ ಮೊರವನ್ನು ಕೆಳಗಿಡಲಿಲ್ಲ, ನಮ್ಮ ಮನೀಗಿ ಬಂದ ಹೆಣ್ಣಮಗಳರಿ, ಬರೀ ಉಡೀಲೆ ಹೆಂಗ ಕಳಸಲಿ ಎಂದಳು, ಮನೆಯ ಯಜಮಾನಿ ಹೇಳುವ ದನಿಯಲ್ಲಿ, ಆ ದನಿಗೆ ಕಲ್ಯಾಣಮ್ಮ ತಡೆದು ನಿಂತರು, ಆಮೇಲೆ ತಾವೇ ಮೊರದ ಇನ್ನೊಂದು ಅಂಚು ಹಿಡಿದರು. ಹಿಡಿಯವ್ವಾ ಎಂದಳು ಹುಡುಗಿ. ಗುರುಲಿಂಗಮ್ಮ ಸೆರಗು ಹಿಡಿದಳು, ಕೈಗೆ ಮರೆತುಹೋಗಿತ್ತು, ಹದಿನೆಂಟು ವರ್ಷ, ಎಲ್ಲಿ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು, ಒಂದು ಹಿಡಿ ಜೋಳ ಬಿತ್ತು, ಎರಡನೆಯದು, ಮೂರನೆಯದು, ಸೆರಗು ಕೆಳಗೆ ಜಗ್ಗಿತು, ನಾಲ್ಕು, ಐದು, ಮೇಲೆ ಕೊಬ್ಬರಿ, ಎಲೆ, ಅಡಿಕೆ, ಬೆಲ್ಲ, ಹುಡುಗಿ ಬಾಗಿ ಕಾಲು ಮುಟ್ಟಿ ಎದ್ದಳು, ಬರತಾ ಇರವ್ವಾ — ಮತ್ತೆ ಟಾಂಗಾ, ಬಂಡೆಪ್ಪ ತೋಳು ಹಿಡಿದು ಹತ್ತಿಸಿದ, ಗೆಜ್ಜೆ ಸದ್ದು ಮಾಡಿತು, ಓಣಿ ಹಿಂದೆ ಸರಿಯತೊಡಗಿತು, ಕಟ್ಟೆಯ ಮೇಲೆ ನಿಂತು ಅಕ್ಕನಾಗಮ್ಮ ಕೈ ಬೀಸುತ್ತಿದ್ದಾಳೆ, ತಾನೂ ಬೀಸಬೇಕು, ಇಷ್ಟು ದೂರ ಬಂದು ಒಮ್ಮೆ ಕೈ ಬೀಸದೆ ಹೇಗೆ, ಬೀಸಬೇಕೆಂದರೆ ಒಂದು ಕೈ ಬಿಡಬೇಕು, ಬಿಟ್ಟರೆ ಜೋಳ ಚೆಲ್ಲುತ್ತದೆ, ಗುರುಲಿಂಗಮ್ಮ ಬಿಡಲಿಲ್ಲ, ಎರಡೂ ಕೈ ತುಂಬ ಸೆರಗು, ಸೆರಗಿನ ತುಂಬ ಜೋಳ, ಎರಡೂ ಕೈ, ಎರಡೂ ಕೈ ತುಂಬ —